ಬಿಟರ್‌ಬ್ರಶ್ ಬಿಡಾರದ ಬಾಗಿಲು

ಸೆಪ್ಟೆಂಬರ್ ಹನ್ನೆರಡನೆಯ ತಾರೀಖು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ವರ್ಲೀನ್ ಲಾರಲ್ದೆ ಬಿಟರ್‌ಬ್ರಶ್ ಬಿಡಾರದ ಕಕ್ಕಸಿನೊಳಗೆ ನಿಂತು, ಮುಗಿದುಹೋದ ಕಾಗದದ ಸುರುಳಿಯನ್ನು ತೆಗೆದು ಹೊಸದೊಂದನ್ನು ಸರಳಿಗೆ ಪೋಣಿಸುತ್ತಿದ್ದಳು. ಪೋಣಿಸಿಯಾದ ಮೇಲೆ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಬಾಗಿಲಿನ ಒಳಮೈಗೆ ಒಂದು ಗೆರೆ ಎಳೆದಳು. ಇದು ಹಳೆಯ ಚಾಳಿ. ಇಪ್ಪತ್ತಾರು ವರ್ಷ ಅವಳು ಕೌಂಟಿಯ ಮಣ್ಣು ರಸ್ತೆಗಳ ಮೇಲೆ ನೆಲ ಹೆರೆದು ಮಟ್ಟ ಮಾಡುವ ಗ್ರೇಡರ್ ಓಡಿಸಿದವಳು. ಬ್ಲೇಡ್ ಬದಲಿಸಿದಾಗಲೆಲ್ಲ ಗಾಡಿಯ ಬಾಗಿಲಿಗೆ ಒಂದು ಗೆರೆ ಬೀಳುತ್ತಿತ್ತು. ನಿವೃತ್ತಿಯಾಗಿ, ಸಂಬಳವಿಲ್ಲದೆ ಈ ಬಿಡಾರವನ್ನು ನೋಡಿಕೊಳ್ಳತೊಡಗಿದ ಮೇಲೆ ಬ್ಲೇಡ್ ಹೋಗಿ ಸುರುಳಿ ಬಂತು. ಗೆರೆ ಹಾಗೇ ಉಳಿಯಿತು. ಪ್ರತಿ ವರ್ಷ ಹಿಮ ಕರಗಿದ ಮೇಲೆ ಹಳೆಯ ಗೆರೆಗಳನ್ನು ಒರೆಸಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಪಟ್ಟಣದಿಂದ ಮುಂದಿನ ಸಲ ಎಷ್ಟು ಸುರುಳಿ ಹೇರಿಕೊಂಡು ಬರಬೇಕು ಎಂದು ತಿಳಿಯಲು ಅಷ್ಟು ಸಾಕಾಗಿತ್ತು.

ಬಿಟರ್‌ಬ್ರಶ್ ಇರುವುದು ಏಳು ಸಾವಿರದ ಒಂಬೈನೂರು ಅಡಿ ಎತ್ತರದಲ್ಲಿ. ಏಳು ಡೇರೆ ಹಾಕುವಷ್ಟು ಜಾಗ, ಕಲ್ಲು ಜೋಡಿಸಿದ ಏಳು ಬೆಂಕಿಗುಂಡಿ, ಒಂದು ಕಕ್ಕಸು. ನಲ್ಲಿಯಿಲ್ಲ, ದೀಪವಿಲ್ಲ, ಶುಲ್ಕವಿಲ್ಲ. ನೀರನ್ನು ಹೊತ್ತು ತರಬೇಕು, ಕಸವನ್ನು ಹೊತ್ತು ಒಯ್ಯಬೇಕು. ಕೆಳಗಿನ ಕ್ಲೋವರ್ ವೆಲ್ಸ್ ಪಟ್ಟಣದವರು ಬೇಸಗೆಯಲ್ಲಿ ಮೂವತ್ತೆಂಟು ಮೈಲಿ ಧೂಳು ಕುಡಿದು ಮೇಲೆ ಬರುವುದು ಇಷ್ಟಕ್ಕೇ. ಕೆಳಗೆ ನೂರಮೂರು ಡಿಗ್ರಿ ಫ್ಯಾರನ್‌ಹೀಟ್ ಇದ್ದ ದಿನ ಇಲ್ಲಿ ಸಂಜೆಗೆ ಕೋಟು ಬೇಕಾಗುತ್ತದೆ.

ನಾಲ್ಕನೆಯ ಜಾಗದಲ್ಲಿ ಅವಳ ಗಂಡ ಆರಿನ್ ಮಡಚುವ ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಕಾಫಿ ಬಟ್ಟಲು ಹಿಡಿದು ಬೆಟ್ಟ ನೋಡುತ್ತಿದ್ದ. ಮೂರು ಚಳಿಗಾಲದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಮಾತು ನಿಧಾನ, ಆದರೆ ಬುದ್ಧಿ ಚುರುಕಾಗಿಯೇ ಇತ್ತು. ವಾಕರ್ ಹಿಡಿದು ನಲವತ್ತು ಹೆಜ್ಜೆ ನಡೆಯಬಲ್ಲ. ನಾಲ್ಕನೆಯ ಜಾಗದಿಂದ ಕಕ್ಕಸಿಗೆ ಇಪ್ಪತ್ತೆರಡು ಹೆಜ್ಜೆ. ವರ್ಲೀನ್ ಅಳೆದೇ ಡೇರೆ ಹಾಕುತ್ತಿದ್ದಳು.

ಒಂಬತ್ತು ಗಂಟೆಗೆ ಅರಣ್ಯ ಇಲಾಖೆ ಕಚೇರಿಯ ಹಸಿರು ಪಿಕಪ್ ಬಂತು. ಇಳಿದವಳು ಟ್ಯಾಮ್ಸಿನ್, ಬಿಡಾರಗಳ ಉಸ್ತುವಾರಿಗೆ ಆ ವರ್ಷವಷ್ಟೇ ಬಂದಿದ್ದ ಹುಡುಗಿ. ಬಾಯಲ್ಲಿ ನಮಸ್ಕಾರ, ಕೈಯಲ್ಲಿ ಬೀಗದ ಕೈ. ದಾರಿಯ ಬದಿಯ ಕಂಬಕ್ಕೆ ಜಡಿದಿದ್ದ ತಗಡಿನ ಡಬ್ಬ ತೆಗೆದಳು. ಬಂದವರು ತಮ್ಮ ಹೆಸರು, ಎಷ್ಟು ಜನ, ಎಷ್ಟು ದಿನ ಎಂದು ಬರೆದು ಹಾಕಬೇಕಾದ ಹಾಳೆಗಳು ಅದರಲ್ಲಿದ್ದವು. ಗಾಡಿಯ ಮೂತಿಯ ಮೇಲೆ ಹಾಳೆ ಹರಡಿಕೊಂಡು ಎರಡು ಸಲ ಕೂಡಿಸಿದಳು.

"ಮಿಸೆಸ್ ಲಾರಲ್ದೆ, ಇಡೀ ಬೇಸಗೆಗೆ ಇಷ್ಟೇನಾ?"

"ವರ್ಲೀನ್ ಅನ್ನಮ್ಮ, ಸಾಕು. ಎಷ್ಟಿದೆ?"

"ನಲವತ್ತೇಳು ಆಳುದಿನ. ಒಬ್ಬರು ಒಂದು ದಿನ ಇದ್ರೆ ಒಂದು. ಕಡಿಮೆ ಅಂದ್ರೆ ಇನ್ನೂರ ಐವತ್ತು ಇರ್ಬೇಕು." ಅವಳಿಗೆ ಮುಂದಿನ ಮಾತು ಹೇಳಲು ಮನಸ್ಸಿರಲಿಲ್ಲ, ಹೇಳಿದಳು. "ಇಲ್ದಿದ್ರೆ ಕಕ್ಕಸು ತೆಗೆದು, ಕಣಿವೆ ಬಾಯಲ್ಲೇ ಗೇಟ್ ಹಾಕ್ಬೇಕು ಅಂತ ನಿಯಮ. ನಡ್ಕೊಂಡು ಬರೋರಿಗೆ ಅಡ್ಡಿಯಿಲ್ಲ. ಇಪ್ಪತ್ತಾರಕ್ಕೆ ಅಗ್ನಿಶಾಮಕ ಶೆಡ್‌ನಲ್ಲಿ ಸಭೆ ಇಟ್ಟಿದೀವಿ. ಏನಾದ್ರೂ ಆಧಾರ ಇದ್ರೆ ಅಲ್ಲಿ ತನ್ನಿ. ಆದ್ರೆ ಈಗ ಕೂತು ಹಿಂದಿನ ತಾರೀಖು ಹಾಕಿ ಬರೆದ ಹಾಳೆ ನಡೆಯಲ್ಲ."

ಕಣಿವೆಯ ಬಾಯಿ ಐದೂವರೆ ಮೈಲಿ ಕೆಳಗಿತ್ತು. ವರ್ಲೀನ್ ಒಮ್ಮೆ ಕುರ್ಚಿಯಲ್ಲಿದ್ದವನ ಕಡೆ ನೋಡಿದಳು. ನಲವತ್ತು ಹೆಜ್ಜೆಯ ಮನುಷ್ಯ. ಅದನ್ನು ಹುಡುಗಿಗೆ ಹೇಳಲಿಲ್ಲ. ಕಾಫಿ ಬಗ್ಗಿಸಿ ಕೊಟ್ಟಳು.

ಮಧ್ಯಾಹ್ನ ಹಾರ್ಲನ್ ಬಂದ. ಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟವನು, ವರ್ಲೀನ್ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಇವರಿಗೆ ಐಸ್ ತಂದುಕೊಡುವ ನೆಪದಲ್ಲಿ ವಾರಕ್ಕೆರಡು ರಾತ್ರಿ ಮೇಲೆಯೇ ಮಲಗುತ್ತಿದ್ದ. ವರ್ಲೀನ್ ಟ್ಯಾಮ್ಸಿನ್ ಬಿಟ್ಟುಹೋಗಿದ್ದ ಹಾಳೆಯ ನಕಲನ್ನು ಅವನ ಮುಖಕ್ಕೆ ಹಿಡಿದಳು.

"ನಿನ್ನ ಹೆಸರೆಲ್ಲೋ?"

"ನನ್ನ ಹೆಸರು ಅಲ್ಯಾಕಿರುತ್ತೆ? ನಮ್ಮನೆ ಅಡುಗೆಮನೆಗೆ ಹೋಗ್ಬೇಕಾದ್ರೆ ನಾನು ರುಜು ಹಾಕ್ತೀನೇನೇ? ಡಬ್ಬ ಇರೋದು ಹೊರಗಿನೋರಿಗೆ."

"ಜುಲೈನಲ್ಲಿ ನಿನ್ನ ತಂಗಿ ಮನೆಯೋರು ಹನ್ನೊಂದು ಜನ ಬಂದು ಐದು ದಿನ ಇದ್ರಲ್ಲ?"

"ಅವರೂ ಹೊರಗಿನೋರಲ್ಲ."

ವರ್ಲೀನ್ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಹನ್ನೊಂದು ವರ್ಷದಿಂದ ಆ ಡಬ್ಬದ ಹಾಳೆ ಬದಲಿಸುತ್ತಿದ್ದವಳು ಅವಳೇ. ಪೆನ್ಸಿಲ್ ಮೊಂಡಾದರೆ ಕೆತ್ತಿ ಇಡುತ್ತಿದ್ದವಳೂ ಅವಳೇ. ತನ್ನ ಹೆಸರನ್ನಾಗಲಿ ಆರಿನ್ ಹೆಸರನ್ನಾಗಲಿ ಒಂದು ಸಲವೂ ಬರೆದಿರಲಿಲ್ಲ. ಕುರಿ ಕಾಯಲು ಬಂದಿದ್ದ ಆರಿನ್‌ನ ಅಜ್ಜ ಮೇಲಿನ ಆಸ್ಪೆನ್ ಮರದ ತೊಗಟೆಯಲ್ಲಿ ಹೆಸರು ಕೆತ್ತಿ ಹೋಗಿದ್ದ, ೧೯೧೧ ಎಂದು ಇಸವಿ ಸಮೇತ. ಅಷ್ಟಾದ ಮೇಲೆ ಇನ್ನು ಬರೆಯುವುದೇನಿದೆ ಎಂದುಕೊಂಡಿದ್ದರೋ ಏನೋ.

"ಕೊಡಿಲ್ಲಿ ಆ ಖಾಲಿ ಹಾಳೇನ," ಎಂದ ಹಾರ್ಲನ್. "ಇಡೀ ಊರಿನ ಹೆಸರು ಬರೀತೀನಿ. ಸಾಲದೇ ಬಂದ್ರೆ ನಮ್ಮಪ್ಪನ ಹೆಸರೂ ಇದೆ."

"ನಿಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು."

"ಅವನಿಗೂ ಈ ಜಾಗ ಇಷ್ಟ ಇತ್ತು ಕಣೆ!"

"ಬೇಡ. ಒಂದು ತಾರೀಖು ಸುಳ್ಳಾದ್ರೆ ಹಾಳೆ ಪೂರ್ತಿ ಸುಳ್ಳಾಗುತ್ತೆ."

"ಹಂಗಾದ್ರೆ ಗೇಟ್ ಹಾಕಿಸ್ಕೊ. ನಿನ್ನ ಗಂಡನ್ನ ಬೆನ್ನ ಮೇಲೆ ಹೊತ್ಕೊಂಡು ಬಾ."

ಇದು ಚುಚ್ಚಿತು. ವರ್ಲೀನ್ ಸೌಟು ತೆಗೆದುಕೊಂಡು ಬೆಂಕಿಯ ಪಕ್ಕ ಕೂತಳು. ಬೆಂಕಿಗುಂಡಿಯ ಮೇಲಿನ ಕಬ್ಬಿಣದ ಪಾತ್ರೆಯಲ್ಲಿ ಬೆಳ್ಳುಳ್ಳಿ ಹಾಕಿದ ಕುರಿಮಾಂಸ ಕುದಿಯುತ್ತಿತ್ತು. ಆಗ ಆರಿನ್ ಎಡಗೈಯೆತ್ತಿ ಕಕ್ಕಸಿನ ಕಡೆ ತೋರಿಸಿದ.

"ಹೋಗ್ಬೇಕಾ?" ಎಂದು ವರ್ಲೀನ್ ವಾಕರ್ ತರಲು ಎದ್ದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಒಂದೊಂದೇ ಪದವನ್ನು ಎತ್ತಿ ಇಟ್ಟಂತೆ ಹೇಳಿದ: "ಬಾಗಿಲ ಮೇಲಿನ ಗೆರೆ. ತೊಂಬತ್ತಮೂರು. ದಿನಾ ಎಣಿಸ್ತೀನಿ." ಸ್ವಲ್ಪ ಉಸಿರು ತೆಗೆದುಕೊಂಡ. "ಅಲ್ಲಿ ಕೂತು ಬೇರೇನು ಮಾಡ್ಲಿ?"

ಹಾರ್ಲನ್‌ಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ವರ್ಲೀನ್‌ಗೆ ಅಷ್ಟು ಬೇಕಾಗಲಿಲ್ಲ. ತೊಂಬತ್ತಮೂರು ಸುರುಳಿಯನ್ನು ನಲವತ್ತೇಳು ಆಳುದಿನದಲ್ಲಿ ಮುಗಿಸಬೇಕಾದರೆ ಬಂದ ಒಬ್ಬೊಬ್ಬನೂ ದಿನಕ್ಕೆ ಎರಡೆರಡು ಸುರುಳಿ ಖರ್ಚು ಮಾಡಿರಬೇಕು. ಅಂಥ ಹೊಟ್ಟೆ ಯಾರಿಗೂ ಇರುವುದಿಲ್ಲ. ಆದರೆ ಒಂದು ಸುರುಳಿ ಎಷ್ಟು ಆಳುದಿನಕ್ಕೆ ಬರುತ್ತದೆ ಎನ್ನುವುದಕ್ಕೆ ಅಳತೆ ಬೇಕಿತ್ತು, ಅಂದಾಜು ನಡೆಯದು. ಅವಳು ಸೌಟು ಹಿಡಿದುಕೊಂಡೇ ಯೋಚಿಸಿದಳು. ಜೂನ್ ತಿಂಗಳ ಮೊದಲ ಎರಡು ವಾರ! ಅವಳೂ ಆರಿನ್ನೂ ಬೇಸಗೆ ಕಳೆಯಲು ಮೇಲೆ ಬಂದ ಮಾರನೆಯ ದಿನವೇ ಕೆಳಗಿನ ತಿರುವಿನಲ್ಲಿ ರಸ್ತೆ ಕೊಚ್ಚಿಹೋಗಿ ಹದಿನಾಲ್ಕು ದಿನ ಒಂದು ಗಾಡಿಯೂ ಬಂದಿರಲಿಲ್ಲ. ಇಬ್ಬರೇ ಇದ್ದರು. ಬಾಗಿಲ ಮೇಲೆ ಬಿದ್ದದ್ದು ಮೂರು ಗೆರೆ.

"ಇಪ್ಪತ್ತೆಂಟು ಆಳುದಿನಕ್ಕೆ ಮೂರು ಸುರುಳಿ," ಎಂದಳು.

"ಇದನ್ನ ಸಭೇಲಿ ಹೇಳ್ತೀಯ?" ಎಂದ ಹಾರ್ಲನ್. "ಇಡೀ ಊರಿನ ಮುಂದೆ?"

"ಹೇಳೋದಲ್ಲ, ತೋರಿಸ್ತೀನಿ."

ಇಪ್ಪತ್ತಾರರ ಸಂಜೆ ಆರು ಗಂಟೆಗೆ ಅಗ್ನಿಶಾಮಕ ಶೆಡ್‌ನಲ್ಲಿ ಅರವತ್ತು ಕುರ್ಚಿ ತುಂಬಿದ್ದವು. ಹಾರ್ಲನ್ ಮತ್ತು ವರ್ಲೀನ್ ಪಿಕಪ್‌ನಿಂದ ಬಾಗಿಲನ್ನು ಇಳಿಸಿ, ಒಳಗೆ ಹೊತ್ತು ತಂದು ಗೋಡೆಗೆ ಒರಗಿಸಿದರು. ತಿರುಪು ಕಳಚಿ ತಂದಿದ್ದರು. ಯಾರೋ ಹಿಂದಿನಿಂದ ಕೂಗಿದರು: "ಅಲ್ಲಿ ಈಗ ಹೋದೋರ ಗತಿ ಏನಪ್ಪಾ?"

"ಆರಿನ್‌ನ ಮಿಲಿಟರಿ ಕಂಬಳಿ ನೇತು ಹಾಕಿದೀನಿ," ಎಂದಳು ವರ್ಲೀನ್. "ಗಾಳಿ ಬಂದ್ರೆ ಹಾಡ್ತಾ ಕೂತ್ಕೊಳ್ಳಿ."

ನಗು ಅಡಗಲು ಬಿಟ್ಟು ಅವಳು ಮಾತು ಶುರು ಮಾಡಿದಳು. ಮುಂದಿನ ಸಾಲಿನಲ್ಲಿ ವಾಕರ್ ಹಿಡಿದು ಕೂತಿದ್ದ ಆರಿನ್ ಗೆರೆಗಳನ್ನು ನೋಡುತ್ತಿದ್ದ, ಎಣಿಸುತ್ತಿದ್ದನೆಂದೇ ತೋರುತ್ತದೆ. ಎರಡು ವಾರದಲ್ಲಿ ಇನ್ನೂ ಮೂರು ಗೆರೆ ಬಿದ್ದಿದ್ದವು. ಟ್ಯಾಮ್ಸಿನ್ ಎದ್ದು ಬಂದು ಬೆರಳಿಟ್ಟು ಎಣಿಸಿದಳು. ತೊಂಬತ್ತಾರು ಸರಿಯಾಗಿತ್ತು. ಜೂನ್ ತಿಂಗಳ ಮೊದಲ ಮೂರು ಗೆರೆಗಳನ್ನೂ, ರಸ್ತೆ ಮುಚ್ಚಿದ್ದ ತಾರೀಖುಗಳನ್ನೂ ವರ್ಲೀನ್ ಹೇಳಿದಳು. ರಸ್ತೆ ದುರಸ್ತಿ ಮಾಡಿದ ಹುಡುಗರು ಹಿಂದಿನಿಂದ ಹೌದೆಂದರು.

ಟ್ಯಾಮ್ಸಿನ್ ಒಂದು ಪ್ರಶ್ನೆ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ. "ಈ ತೊಂಬತ್ತಾರನ್ನೂ ಜನಾನೇ ಬಳಸಿದ್ದು ಅಂತ ಹೇಗೆ ಹೇಳ್ತೀರಿ?"

"ಹೌದು ಅಂದ್ಬಿಡು," ಎಂದು ಹಾರ್ಲನ್ ಪಿಸುಗುಟ್ಟಿದ.

"ಇಲ್ಲ," ಎಂದಳು ವರ್ಲೀನ್. ಕೆಲವು ಗೆರೆಗಳ ತಲೆಯ ಮೇಲೆ ಸಣ್ಣ ಅಡ್ಡಗೀಟುಗಳಿದ್ದವು. ಅವನ್ನು ಬೆರಳಿಂದ ತೋರಿಸಿದಳು. "ಇವು ಗೂಡಿಲಿ ಒಯ್ದಿದ್ದು, ಸಿಕ್ಕಿದ್ದನ್ನೆಲ್ಲ ಗೂಡಿಗೆ ಸಾಗಿಸೋ ಕಾಡಿಲಿ. ಅದು ಸುಮ್ನೆ ಕದಿಯಲ್ಲ. ಸುರುಳಿ ಒಯ್ದು ಅದರ ಜಾಗಕ್ಕೆ ಒಂದು ಪೈನ್ ಕಾಯಿ ಇಟ್ಟು ಹೋಗುತ್ತೆ. ಕಾಯಿ ಸಿಕ್ಕಿದ ಕಡೆಗೆಲ್ಲ ಗೀಟು ಹಾಕಿದೀನಿ. ಅವನ್ನ ಕಳೀರಿ."

ಕಳೆದರು. ಉಳಿದ ತೊಂಬತ್ತನ್ನು ಮೂರರಿಂದ ಭಾಗಿಸಿ ಇಪ್ಪತ್ತೆಂಟರಿಂದ ಗುಣಿಸಿದರು. ಎಂಟುನೂರ ನಲವತ್ತು ಆಳುದಿನ. ಶೆಡ್‌ನಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ತಮ್ಮ ತಮ್ಮ ಪಾಲಿನದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಸ್ವಲ್ಪ ನಾಚಿಕೊಂಡಿದ್ದರು.

ತೀರ್ಮಾನ ಮೇಲಿನವರದು. ಮೂರು ದಿನ ಕಾಯಬೇಕಾಯಿತು. ಆ ಮೂರು ದಿನ ವರ್ಲೀನ್ ಡೇರೆ ಬಿಚ್ಚಲಿಲ್ಲ, ಬಿಚ್ಚಲು ಶುರುವನ್ನೂ ಮಾಡಲಿಲ್ಲ. ಬಾಗಿಲನ್ನು ಮತ್ತೆ ಕೂರಿಸಿ, ಕೀಲುಗಳಿಗೆ ಎಣ್ಣೆ ಬಿಟ್ಟಳು. ಮೇಲೆ ಫೋನ್ ಸಿಗುವುದಿಲ್ಲವಾದ್ದರಿಂದ ದಿನಾ ಬೆಳಿಗ್ಗೆ ಹಾರ್ಲನ್‌ನ ಅಂಗಡಿಗೆ ಇಳಿದು ಬರುತ್ತಿದ್ದಳು. ಮೂರನೆಯ ದಿನ ಹತ್ತು ಗಂಟೆ ಐದು ನಿಮಿಷಕ್ಕೆ ಕಚೇರಿಯಿಂದ ಫೋನ್ ಬಂತು. ಅವಳು "ಹೂಂ," ಎಂದಳು, ಮತ್ತೊಮ್ಮೆ "ಹೂಂ," ಎಂದಳು. ಫೋನ್ ಇಟ್ಟು, ಪಕ್ಕದಲ್ಲಿದ್ದ ನಾಯಿಯ ಆಹಾರದ ಮೂಟೆಯ ಮೇಲೆ ಕೂತುಬಿಟ್ಟಳು.

"ಏನಂತೆ? ಬಾಯಿ ಬಿಡೇ ಮಾರಾಯ್ತಿ!"

"ಗೇಟ್ ಇಲ್ಲ. ಕಕ್ಕಸು ಇರುತ್ತೆ."

ಹಾರ್ಲನ್ ಗಲ್ಲಾದ ಹಿಂದೆ ತಿರುಗಿ ನಿಂತು ಬಹಳ ಹೊತ್ತು ಡಬ್ಬಿಗಳನ್ನು ಜೋಡಿಸಿದ. ಆಮೇಲೆ ಒಂದು ಪೊಟ್ಟಣ ಚೊರಿಜೊ ಸಾಸೇಜ್ ಅವಳ ಮಡಿಲಿಗೆ ಎಸೆದು, "ಇದು ಆರಿನ್‌ಗೆ. ನಿನಗಲ್ಲ," ಎಂದ.

ಮಧ್ಯಾಹ್ನ ಅವಳು ಮೇಲೆ ತಲುಪಿದಾಗ ಆರಿನ್ ಕುರ್ಚಿಯಲ್ಲೇ ಇದ್ದ. ಅವಳ ಗಾಡಿ ನಿಧಾನವಾಗಿ ಬರುತ್ತಿರುವುದನ್ನು ನೋಡಿಯೇ ಅವನಿಗೆ ತಿಳಿದಿತ್ತಂತೆ. ಕೆಟ್ಟ ಸುದ್ದಿಯಿದ್ದಾಗ ಅವಳು ವೇಗವಾಗಿ ಓಡಿಸುತ್ತಾಳೆ. ಅವಳು ದಾರಿಬದಿಯ ಕಂಬದ ಬಳಿ ಗಾಡಿ ನಿಲ್ಲಿಸಿ, ಡಬ್ಬದಿಂದ ಹಾಳೆ ತೆಗೆದು ಅಂದಿನ ತಾರೀಖಿನಲ್ಲಿ ಬರೆದಳು: ವರ್ಲೀನ್ ಲಾರಲ್ದೆ, ಆರಿನ್ ಲಾರಲ್ದೆ, ಇಬ್ಬರು. ಅಕ್ಟೋಬರ್‌ನಲ್ಲಿ ಬೇಟೆಗೆ ಬಂದವರೆಲ್ಲ ಗೊಣಗುತ್ತ ಸಾಲುಗಟ್ಟಿ ಬರೆದರು. ಹಾರ್ಲನ್ ತನ್ನ ಹೆಸರಿನ ಮುಂದೆ 'ಅಡುಗೆಮನೆಗೆ' ಎಂದು ಸೇರಿಸಿದ್ದ.

ಮೊದಲ ಹಿಮ ಬೀಳುವ ಮುಂಚೆ ಟ್ಯಾಮ್ಸಿನ್ ಇನ್ನೊಮ್ಮೆ ಬಂದಳು. ಈ ಸಲ ಕೈಯಲ್ಲಿ ಬೀಗದ ಕೈ ಇರಲಿಲ್ಲ. ಒಂದು ಪೆಟ್ಟಿಗೆ ಸುರುಳಿ ಇತ್ತು. ಬೆಂಕಿಯ ಪಕ್ಕ ಕೂತು ಕಾಫಿ ಕುಡಿಯುತ್ತ ಹೇಳಿದಳು: "ಎಂಟುನೂರ ನಲವತ್ತು ಅನ್ನೋದನ್ನ ನಮ್ಮ ಸಾಹೇಬರು ಮೊದಲು ನಂಬಲಿಲ್ಲ, ವರ್ಲೀನ್. ಯಾರು ಬೇಕಾದ್ರೂ ದೊಡ್ಡ ಸಂಖ್ಯೆ ಹೇಳಬಹುದು ಅಂದ್ರು. ಆಮೇಲೆ ನಾನು ಇಲಿ ವಿಷಯ ಹೇಳಿದೆ. ತನಗೇ ನಷ್ಟ ಆಗೋ ಸಂಖ್ಯೆನ ಕೇಳಿದ ತಕ್ಷಣ ಹೇಳಿದೋರು ಅಂದ್ಮೇಲೆ ಉಳಿದಿದ್ದೂ ಸರಿ ಇರುತ್ತೆ ಅಂತ ರುಜು ಹಾಕಿದ್ರು."

ಆರಿನ್ ಆ ಮಾತಿಗೆ ಎಡಗೈಯ ಐದು ಬೆರಳೂ ಬಲಗೈಯ ಒಂದು ಬೆರಳೂ ಕಷ್ಟಪಟ್ಟು ಎತ್ತಿ ತೋರಿಸಿದ. ಈಗಲೂ ಕ್ಲೋವರ್ ವೆಲ್ಸ್‌ನ ಬೀದಿಯಲ್ಲಿ ವರ್ಲೀನ್‌ಳ ಪಿಕಪ್ ಎದುರಾದರೆ ಜನ ಕೈಬೀಸುವುದಿಲ್ಲ. ಬೆರಳುಗಳನ್ನು ಹಾಗೆಯೇ ಎತ್ತುತ್ತಾರೆ. ಅಂದು ಶೆಡ್‌ನಲ್ಲಿ, ಇಲಿ ಒಯ್ದದ್ದು ಒಟ್ಟು ಎಷ್ಟು ಎಂದು ಟ್ಯಾಮ್ಸಿನ್ ಕೇಳಿದಾಗ, ಬಾಗಿಲಿನ ಕಡೆ ತಿರುಗಿಯೂ ನೋಡದೆ ವರ್ಲೀನ್ ಗಟ್ಟಿಯಾಗಿ ಹೇಳಿದ್ದು: "ಆರು."