ದಣಿದ ಕಾಲಿಗೆ ಅಂಟಿದ ಅಪವಾದ

ನನ್ನ ಅಪ್ಪ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಚಹಾ ಸಹ ಕುಡಿಯುತ್ತಿರಲಿಲ್ಲ. ಅಂಥವನನ್ನು ತೊಂಬತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಕಣ್ಣೆದುರಿಗೇ, ಕುಡುಕ ಎಂದರು.

ಆಗ ನಾನು ಹುಮನಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಪ್ಪತ್ತು ದಾಟಿದ ಅಪ್ಪ ಮುಡಬಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣನ ಸಂಸಾರದ ಜೊತೆ ಇದ್ದ. ತಿಂಗಳಿಗೊಮ್ಮೆ ನನ್ನನ್ನು ನೋಡಲು ಬರುತ್ತಿದ್ದ. ಆ ದಿನ ಬಸವಕಲ್ಯಾಣದಲ್ಲಿ ಬಸ್ ಬದಲಿಸಿದವನಿಗೆ ಸೀಟು ಸಿಕ್ಕಿರಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದಿದ್ದ. ಇಳಿಯುವಾಗ ಮೊಣಕಾಲು ಕುಸಿಯಿತು. ನೆಲಕ್ಕೆ ಕಾಲಿಟ್ಟವನು ಎರಡು ಹೆಜ್ಜೆ ಎಡಕ್ಕೆ ವಾಲಿ, ಹಣ್ಣು ಮಾರುವ ಹೆಂಗಸಿನ ಮೇಲೆ ಬೀಳುವಷ್ಟರಲ್ಲಿ ಗೋಡೆ ಹಿಡಿದ.

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನಕ್ಕ. “ಮುದುಕ ಹಗಲೇ ಏರಿಸ್ಯಾನ ನೋಡ್ರಿ.”

ಸುತ್ತಲಿದ್ದವರೂ ನಕ್ಕರು. ನಾನು ಓಡಿಹೋಗಿ ಅಪ್ಪನ ತೋಳು ಹಿಡಿದೆ. ಕಂಡಕ್ಟರನಿಗೆ ಒಂದು ಮಾತೂ ಹೇಳಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಕೆಲಸ ಮಾಡಿದೆ. ಅಪ್ಪನ ಬಾಯಿಯ ಹತ್ತಿರ ಮುಖ ತಂದು ವಾಸನೆ ನೋಡಿದೆ. ಎಲೆಯಡಿಕೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಮಾಡಿದ್ದು ಅಪ್ಪನಿಗೆ ತಿಳಿಯಿತು.

“ನೀನೂ ಏನವ್ವಾ?” ಎಂದ.

ಆ ಕಂಡಕ್ಟರನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು.

ಮನೆಗೆ ಕರೆತಂದು ಕೂರಿಸಿ ಕೇಳಿದಾಗ ಒಂದೊಂದೇ ಹೊರಬಂತು. ಹೊಲದಿಂದ ಮರಳುವಾಗ ಎರಡು ಸಲ ಬಿದ್ದಿದ್ದನಂತೆ. ನೋಡಿದವರು ಏನೋ ಅಂದು ನಕ್ಕಿದ್ದರಂತೆ. ಅಂದಿನಿಂದ ಸಂಜೆಯ ಭಜನೆಗೆ ಹೋಗುವುದನ್ನೇ ಬಿಟ್ಟಿದ್ದ. ಅಣ್ಣನಿಗೂ ಹೇಳಿರಲಿಲ್ಲ.

ಮರುವಾರ ಬಸವಕಲ್ಯಾಣದ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದೆ. ಬೆಳಗಿನ ಹೊತ್ತು. ಎರಡು ಗಂಟೆ ಬೆಂಚಿನ ಮೇಲೆ ಕೂತು ದಣಿವಾರಿಸಿಕೊಂಡ ಅಪ್ಪ, ಕರೆದಾಗ ನೆಟ್ಟಗೆ ನಡೆದು ಒಳಗೆ ಹೋದ. ಡಾಕ್ಟರರು ಅವನನ್ನು ಏನೂ ಕೇಳಲಿಲ್ಲ. ನನ್ನ ಮುಖ ನೋಡಿಯೇ ಮಾತಾಡಿದರು.

“ಬಿ.ಪಿ. ಬರೋಬರಿ ಅದ, ಶುಗರ್ ಇಲ್ಲ. ವಯಸ್ಸಾಗ್ಯಾದ, ಇನ್ನೇನ ಆಗ್ತದರಿ? ಮನ್ಯಾಗ ಕುಂಡ್ರಸ್ರಿ.”

ಟಾನಿಕ್ ಬರೆದುಕೊಟ್ಟರು. ನಾವು ಅವರ ಮಾತು ನಂಬಿ ಅಪ್ಪನನ್ನು ಮನೆಯಲ್ಲಿ ಕೂರಿಸಿದೆವು. ಮೂರು ತಿಂಗಳಲ್ಲಿ ತೊಡೆಗಳು ಸೊರಗಿದವು. ಮೊದಲು ಹೊಲದ ದಾರಿ ನಡೆದು ದಣಿದರೆ ಮಾತ್ರ ತೂರಾಡುತ್ತಿದ್ದವನು, ಈಗ ಬಚ್ಚಲಿಗೆ ನಾಲ್ಕು ಸಲ ಹೋಗಿಬಂದರೂ ಗೋಡೆ ಹಿಡಿಯತೊಡಗಿದ. ಕೂರಿಸಿ ಕೆಡಿಸಿದವರು ನಾವು.

ಆಮೇಲೆ ಹುಮನಾಬಾದಿನ ಒಂದು ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಸಿಕ್ಕಳು. ನನಗಿಂತ ಚಿಕ್ಕವಳು. ಅವಳು ಅಪ್ಪನನ್ನೇ ಕೇಳಿದಳು. “ಕಾಕಾ, ಯಾವಾಗ ಹಿಂಗ ಆಗ್ತದರಿ? ಎದ್ದ ಕೂಡಲೇನೋ, ದಣದ ಮ್ಯಾಲೋ?”

“ದಣದ ಮ್ಯಾಲರಿ. ಮುಂಜಾನಿ ಛಲೋ ಇರ್ತೇನಿ. ಕಾಲ ಭಾರ ಆದವಂದ್ರ ಮೈ ನನ್ನ ಮಾತ ಕೇಳಂಗಿಲ್ಲ.”

ಅವಳು ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ನಡುವಿನ ಗೆರೆಗುಂಟ ಅಪ್ಪನನ್ನು ನಡೆಸಿದಳು. ನೆಟ್ಟಗೆ ನಡೆದ. ಬಳಿಕ ಕುರ್ಚಿಯಿಂದ ಎದ್ದು ಕೂರಲು, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸಲು ಹೇಳಿದಳು. ತೊಡೆ ನಡುಗತೊಡಗಿದಾಗ ನಿಲ್ಲಿಸಿ, ತಾನು ಪಕ್ಕದಲ್ಲೇ ಕೈಚಾಚಿ ನಿಂತು, ಅದೇ ಗೆರೆಯ ಮೇಲೆ ಮತ್ತೆ ನಡೆಸಿದಳು. ನಾಲ್ಕನೇ ಹೆಜ್ಜೆಗೆ ಅಪ್ಪ ವಾಲಿದ. ಬಸ್‌ಸ್ಟ್ಯಾಂಡಿನಲ್ಲಿ ವಾಲಿದಂತೆಯೇ.

“ನೋಡ್ರಿ,” ಎಂದಳು ನನಗೆ. “ನಿಂತಾಗ ಎಲ್ಲರ ಮೈನೂ ಜರಾ ಅಲ್ಲಾಡ್ತದ. ಕಾಲಿನ ಸ್ನಾಯು ಅದನ್ನ ಹಿಡದು ಸರಿ ಮಾಡ್ತಾವ. ವಯಸ್ಸಾದವರಿಗೆ ಸ್ನಾಯು ಕಮ್ಮಿ ಆಗಿರ್ತಾವ. ಅವು ದಣದ್ರ ಹೊತ್ತಿಗೆ ಸರಿಯಾಗಿ ಹಿಡಿಯಂಗಿಲ್ಲ. ಮನ್ಯಾಗ ಕುಂಡ್ರಸಿದ್ರ ಇನ್ನೂ ಸೊರಗ್ತಾವ.”

ನನಗೆ ಅಳು ಬಂತು. ಇಷ್ಟು ಸಣ್ಣ ಮಾತನ್ನು ತಿಳಿಯಲು, ಯಾವಾಗ ಹೀಗಾಗುತ್ತದೆಂದು ಒಬ್ಬರಾದರೂ ಅಪ್ಪನನ್ನು ಕೇಳಬೇಕಿತ್ತು, ನಾನೂ ಕೇಳಿರಲಿಲ್ಲ.

ದಿನಾ ಮಾಡಲು ಅವಳು ಹೇಳಿಕೊಟ್ಟ ಕಸರತ್ತಿಗೆ ಅಣ್ಣ ಕೊಟ್ಟಿಗೆಯಲ್ಲಿ ಜಾಗ ಮಾಡಿಕೊಟ್ಟ. ದಿನಾ ಬೆಳಿಗ್ಗೆ ಅಪ್ಪ ಎತ್ತುಗಳ ಮೇವಿನ ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತಿದ್ದ, ಮಂಚದಿಂದ ಎದ್ದು ಕೂರುತ್ತಿದ್ದ, ನಡುನಡುವೆ ದಣಿವಾರಿಸಿಕೊಳ್ಳುತ್ತಿದ್ದ. ಅತ್ತಿಗೆ ಗಟ್ಟಿ ಬೇಳೆ, ಹಾಲು ಬಿಡದೆ ಕೊಟ್ಟಳು. ಮುಂದಿನ ಸುಗ್ಗಿಯ ಹೊತ್ತಿಗೆ ಭಜನೆಗೆ ಹೋಗತೊಡಗಿದ. ಓಲಾಟ ಪೂರ್ತಿ ಹೋಗಲಿಲ್ಲ, ಆದರೆ ಯಾವಾಗ ಬರುತ್ತದೆಂದು ಈಗ ಗೊತ್ತಿತ್ತು. ಬಸ್ಸಿನಲ್ಲಿ ತಾನೇ ಕೇಳುತ್ತಿದ್ದ: “ತಮ್ಮಾ, ನನ್ನ ಕಾಲ ದಣದಾವ, ಜರಾ ಏಳು.” ಕೆಲವರು ಏಳುತ್ತಿದ್ದರು. ಕೆಲವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮನೆಯಿಂದ ಬಸ್ ನಿಲ್ಲುವ ಜಾಗದವರೆಗೆ ಕೂರಲು ಎಲ್ಲೂ ಆಸರೆ ಇರಲಿಲ್ಲ. ದಾರಿಯಲ್ಲಿ ಒಂದು ಕಟ್ಟೆ ಹಾಕಿಸೋಣವೆಂದು ಅಣ್ಣ ಊರಿನ ದೊಡ್ಡ ಮನುಷ್ಯನೊಬ್ಬನನ್ನು ಕೇಳಿದ. “ಮುದುಕರಾದವರು ಮನ್ಯಾಗ ಇರಬೇಕಪಾ, ಎಲ್ಲಿಗ ಹೋಗಾದದ?” ಎಂದನಂತೆ. ಆ ಮಾತು ಕೇಳಿ ಅಪ್ಪನಿಗೆ ಬಂದಷ್ಟು ಸಿಟ್ಟನ್ನು ನಾನು ಅವನಲ್ಲಿ ಎಂದೂ ಕಂಡಿರಲಿಲ್ಲ. ಮರುದಿನವೇ ಅಣ್ಣನಿಂದ ಎತ್ತು ಹೂಡಿಸಿ, ಹೊಲದ ಬದುವಿನಲ್ಲಿದ್ದ ಚಪ್ಪಟೆ ಕಲ್ಲೊಂದನ್ನು ಎಳೆಸಿ ತಂದು, ಅರ್ಧ ದಾರಿಯ ಬೇವಿನ ಮರದ ಕೆಳಗೆ ಹಾಕಿಸಿದ. ತಾನೇ ಅದರ ಮೇಲೆ ಮೊದಲು ಕೂತ. ಬಸುರಿಯೊಬ್ಬಳು ನೀರಿನ ಕೊಡ ಹೊತ್ತು ಬಂದಳು. ಅಪ್ಪ ಸರಿದು ಜಾಗ ಬಿಟ್ಟ.