ಫೋಟೋದಲ್ಲಿದ್ದ ನೀಲಿ ಸೀರೆ

ಸತ್ತವಳ ಹೆಸರಿನಲ್ಲಿ ಐದು ತಿಂಗಳು ಪತ್ರ ಬರೆದವಳು ನಾನು. ಪತ್ರವೆಂದರೆ ಈ-ಮೇಲ್. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಮೊದಲು ಹೋಗಿ ಬೈದು ಬರುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಹಿಂದವಾಡಿಯಲ್ಲಿ ನಮ್ಮ ಮನೆ, ಶಿವಬಸವ ನಗರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ನೌಕರಿ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಖಾನಾಪುರದಲ್ಲಿದ್ದಳು. ಅತ್ತೆ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಕೈಸೂಜಿಯಲ್ಲಿ ಹೊಲಿಯುವ ಹೊದಿಕೆ ಅದು. ಓಣಿಯ ಇನ್ನೂ ಮೂವರು ಹೆಂಗಸರು ಅವಳ ಅಂಗಳದಲ್ಲೇ ಕೂತು ಹೊಲಿಯುತ್ತಿದ್ದರು. ನಂದಗಡದ ಸಂತೆಗೆ ಹೊತ್ತುಕೊಂಡು ಹೋದರೆ ಅಲ್ಲಿನವರು ಮುಟ್ಟಿ ನೋಡಿ, "ಇದನ್ನ ನಾವ ಮನ್ಯಾಗ ಹೊಲೀತೀವಲ್ರಿ" ಎಂದು ಮುಂದೆ ಹೋಗುತ್ತಿದ್ದರು.

ಆಗಲೇ ನನ್ನ ತಲೆಗೆ ವೆಬ್‌ಸೈಟಿನ ಹುಳ ಹೊಕ್ಕಿದ್ದು. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ ಕ್ಲಾಸಿನ ಇಂಟರ್ನೆಟ್ಟಿನಲ್ಲಿ, ಪುಕ್ಕಟೆ ಜಾಗ ಕೊಡುವ ಕಡೆ ಒಂದು ಪುಟ ಕಟ್ಟಿದೆ. ಎಷ್ಟು ಜನ ಬಂದು ನೋಡಿದರೆಂದು ತೋರಿಸುವ ಅಂಕಿ ಪುಟದ ತಳದಲ್ಲಿ. ಮೊದಲ ತಿಂಗಳು ಅದು ಏರಿದ್ದೆಲ್ಲ ನಾನೇ ಹೋಗಿ ಹೋಗಿ ನೋಡಿದ್ದರಿಂದ. 'ಉತ್ತಮ ಗುಣಮಟ್ಟದ ಕೌದಿಗಳು ದೊರೆಯುತ್ತವೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಒಂದು ನರಪಿಳ್ಳೆ ಕೂಡ ತಿರುಗಿ ನೋಡಲಿಲ್ಲ. ಸಿಟ್ಟು ಬಂದು ಅದನ್ನೆಲ್ಲ ಅಳಿಸಿ ಅತ್ತೆಯೇ ಮಾತಾಡಿದ ಹಾಗೆ ಬರೆದೆ: 'ನಾನು ಖಾನಾಪುರದ ಮುದುಕಿ. ಸೂಜಿಗೆ ದಾರ ಪೋಣಿಸಲು ನನಗಿನ್ನೂ ಚಾಳೀಸು ಬೇಕಿಲ್ಲ.' ಜೊತೆಗೊಂದು ಫೋಟೋ ಹಾಕಿದೆ. ಕಡುನೀಲಿ ಇಳಕಲ್ ಸೀರೆಯುಟ್ಟು ಅಂಗಳದಲ್ಲಿ ಕೂತ ಅತ್ತೆ. ಆಗಿನ ಇಂಟರ್ನೆಟ್ಟಿನಲ್ಲಿ ಫೋಟೋ ಒಮ್ಮೆಲೇ ಬರುತ್ತಿರಲಿಲ್ಲ. ಮೊದಲು ತಲೆಯ ಮೇಲಿನ ಸೆರಗು, ಆಮೇಲೆ ಹಣೆ, ಆಮೇಲೆ ಕಣ್ಣು, ಹೀಗೆ ಮೇಲಿನಿಂದ ನಿಧಾನವಾಗಿ ಇಳಿದು ಬರುತ್ತಿದ್ದಳು.

ಜನ ಬರತೊಡಗಿದರು. ಪುಣೆ, ನಾಗಪುರ, ಹೈದರಾಬಾದು. ಅವರು ಅಂಗಡಿಗೆ ಬರೆದಂತೆ ಬರೆಯುತ್ತಿರಲಿಲ್ಲ, ಅಜ್ಜಿಗೆ ಬರೆಯುತ್ತಿದ್ದರು. ನಾನು ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ಭಾನುವಾರ ಖಾನಾಪುರದ ಬಸ್ಸು ಹತ್ತುತ್ತಿದ್ದೆ. ನಾನು ಓದಿ ಹೇಳಬೇಕು, ಅತ್ತೆ ಹೊಲಿಯುತ್ತಲೇ ಉತ್ತರ ಹೇಳಬೇಕು, ನಾನು ಬರೆದುಕೊಳ್ಳಬೇಕು.

"ಇಷ್ಟ ಮಂದಿ ನನ್ನ ಎಲ್ಲಿ ನೋಡ್ಯಾರವಾ?" ಎಂದು ಕೇಳಿದ್ದಳು ಒಮ್ಮೆ.

"ಕಂಪ್ಯೂಟರಿನ್ಯಾಗ, ಅತ್ತಿ."

"ಅದರಾಗ ನಾ ಹೆಂಗ ಕುಂತೇನಿ? ಉಸಿರು ಕಟ್ಟೂದಿಲ್ಲೇನು?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಬರೆಯುತ್ತಿದ್ದವರಲ್ಲಿ ನಾಗಪುರದ ಒಬ್ಬ ಹೆಣ್ಣುಮಗಳು ಅತ್ತೆಗೆ ಬಹಳ ಹತ್ತಿರವಾದಳು. ಇಂಗ್ಲಿಷ್ ಅಕ್ಷರಗಳಲ್ಲಿ ಮರಾಠಿ ಬರೆಯುತ್ತಿದ್ದಳು. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಅತ್ತೆಗೆ ಹೇಳಿಕೊಳ್ಳುತ್ತಿದ್ದಳು. ಅತ್ತೆ ತನ್ನ ಖಾನಾಪುರದ ಮರಾಠಿಯಲ್ಲಿ ಸಮಾಧಾನ ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, "ಹೆದರಬ್ಯಾಡ ಅಂತ ಇನ್ನೊಮ್ಮಿ ಬರಿ" ಎನ್ನುತ್ತಿದ್ದಳು.

ಆ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ.

ದಿನಕರ್ಮಗಳು ಮುಗಿದ ಮೇಲೆ ಪಕ್ಕದ ಮನೆಯ ಕಾಕು ಮೆಲ್ಲಗೆ ಕೇಳಿದಳು. ಅತ್ತೆಯ ಜೊತೆ ಮೊದಲಿನಿಂದಲೂ ಹೊಲಿದವಳು ಅವಳು. "ತಂಗಿ, ಮಂದಿ ಇನ್ನ ಕೌದಿ ಕೇಳ್ತಾರೇನು?" ಉಳಿದ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಜನ ಬರುತ್ತಿದ್ದದ್ದು ಅಜ್ಜಿಗಾಗಿ, ಅಜ್ಜಿಯೇ ಇಲ್ಲವೆಂದರೆ ಈ ಮೂವರ ಕೆಲಸ ನಿಲ್ಲುತ್ತದೆ ಎಂದುಕೊಂಡೆ. ಇದು ನಾನು ನನಗೆ ಕೊಟ್ಟುಕೊಂಡ ಕಾರಣ. ಖರೆ ಹೇಳಬೇಕೆಂದರೆ, ಅತ್ತೆ ಸತ್ತಳು ಎಂದು ಟೈಪ್ ಮಾಡಲು ನನಗೆ ಆಗಲಿಲ್ಲ. ಎರಡು ಸಲ ಕೂತೆ, ಎರಡು ಸಲವೂ ಅಳು ಬಂದು ಎದ್ದೆ. ಮೂರನೆಯ ಸಲ ಅತ್ತೆಯಾಗಿಯೇ ಉತ್ತರ ಬರೆದೆ.

ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಅವಳು ಎಂದೂ ಹೇಳಿರದ ಮಾತುಗಳೂ ಅವಳ ದನಿಯಲ್ಲೇ ಬರುತ್ತಿದ್ದವು. ಒಂದು ದಿನ ಮನೆಯಲ್ಲಿ ಅನ್ನ ಸೀದ ವಾಸನೆಗೆ, "ಏ ಹುಡುಗಿ, ಒಲಿ ಮ್ಯಾಲೆ ಲಕ್ಷ್ಯ ಇರಲಿ" ಎಂದು ಅಮ್ಮನನ್ನು ಗದರಿಬಿಟ್ಟೆ. ಅತ್ತೆ ತನ್ನ ತಮ್ಮನ ಹೆಂಡತಿಯನ್ನು ಕರೆಯುತ್ತಿದ್ದದ್ದೇ ಹಾಗೆ. ಅಮ್ಮ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ಇನ್ನೊಮ್ಮಿ ಹಂಗ ಕರೀಬ್ಯಾಡ" ಎಂದಳು.

ಅತ್ತೆ ಹೋಗುವ ಹೊತ್ತಿಗೇ ನಾಗಪುರದವಳು ಮತ್ತೆ ಬಸಿರಾಗಿದ್ದಳು. ಏಳು ತಿಂಗಳು ತುಂಬಿದಾಗ ಬರೆದಳು: 'ಆಜಿ, ನನ್ನ ಕೂಸಿಗೆ ಒಂದು ಕೌದಿ ಬೇಕು. ಫೋಟೋದಲ್ಲಿ ನೀವು ಉಟ್ಟಿರುವ ನೀಲಿ ಸೀರೆಯನ್ನೇ ಅದಕ್ಕೆ ಹಾಕಿ.'

ನಮ್ಮಲ್ಲಿ ಹಸುಗೂಸಿನ ಕೌದಿಗೆ ಹಿರಿಯರು ಉಟ್ಟ ಸೀರೆಯನ್ನು ಹಾಕುತ್ತಾರೆ, ಅವರ ಆಯುಷ್ಯ ಕೂಸಿಗೂ ಬರಲಿ ಎಂದು. ಇದನ್ನು ವೆಬ್‌ಸೈಟಿನಲ್ಲಿ ಚೆಂದ ಮಾಡಿ ಬರೆದವಳು ನಾನೇ. ಸತ್ತವರ ಸೀರೆ ಹಾಕಬಾರದು ಎಂಬ ಉಳಿದರ್ಧವನ್ನು ಬರೆದಿರಲಿಲ್ಲ. ಅದನ್ನು ಬರೆದು ಹೇಳಬೇಕಾಗುತ್ತದೆ ಎಂದೇ ಅನಿಸಿರಲಿಲ್ಲ.

ಕಾಕುವಿಗೆ ಹೇಳಿದೆ. ಅವಳು ಸೂಜಿ ಬದಿಗಿಟ್ಟಳು.

"ನನ್ನ ಸೀರಿ ಹಾಕೂಣು. ಆರು ಮೊಮ್ಮಕ್ಕಳ ಅದಾವ ನನಗ, ಎಲ್ಲಾ ಗಟ್ಟಿ ಅದಾವ."

"ಆಕಿ ನೀಲಿ ಸೀರಿ ನೋಡ್ಯಾಳ, ಕಾಕು."

"ಅದು ಹರದ ಹೋತು ಅಂತ ಬರಿ. ಅಷ್ಟ್ ಸುಳ್ಳ ಬರದೀ, ಇದೊಂದು ಬರಿಯಾಕ ಏನಾಗೇತಿ?"

ಏನಾಗಿತ್ತೋ. ಸೀರೆ ಇಲ್ಲವೆಂದರೆ ಅವಳಿಗೆ ಸಂಶಯ ಬರುತ್ತದೆ, ಒಂದು ದಾರ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ ಎಂಬ ಭಯ. ಅಷ್ಟು ಜನರ ಮುಂದೆ ಸುಳ್ಳಿ ಎನಿಸಿಕೊಳ್ಳುವ ಭಯ. ಅದನ್ನು ಒಪ್ಪಿಕೊಳ್ಳದೆ, "ನೀವು ಯಾವ ಕಾಲದಾಗ ಅದೀರಿ ಕಾಕು, ಇದೆಲ್ಲಾ ಮೂಢನಂಬಿಕೆ" ಎಂದು ಬಿ.ಎಸ್ಸಿ. ಓದಿದವಳ ಗತ್ತಿನಲ್ಲಿ ಹೇಳಿದೆ.

"ಹಂಗಾದ್ರ ನೀನ ಹೊಲಿ. ನಾ ಕೈ ಹಚ್ಚೂದಿಲ್ಲ."

ನಾನೇ ಹೊಲಿದೆ. ಟ್ರಂಕಿನಲ್ಲಿದ್ದ ನೀಲಿ ಸೀರೆಯನ್ನು ಹಿಂದವಾಡಿಗೆ ತಂದು, ಅಮ್ಮ ಹೊರಗೆ ಹೋದಾಗ ಕತ್ತರಿಸಿದೆ. ಸೆರಗಿಗೆ ಇನ್ನೂ ಅವಳ ಎಲೆಯಡಿಕೆಯ ವಾಸನೆಯಿತ್ತು. ಕತ್ತರಿ ಹಾಕುವಾಗ, ಬೇಡ, ಬೇಡ ಎಂದು ನನ್ನೊಳಗೇ ಯಾರೋ ಅಂದಂತಾಯಿತು. ನನಗೆ ಹೆದರಿಕೆಯಾಗಿತ್ತು. ಆದರೂ ಕೈ ನಿಲ್ಲಿಸಲಿಲ್ಲ. ಪಾರ್ಸೆಲ್ ಕಳಿಸಿದ ದಿನ ಅತ್ತೆಯ ಹೆಸರಿನಲ್ಲಿ, 'ನನ್ನ ಆಯುಷ್ಯವೆಲ್ಲ ನಿನ್ನ ಕೂಸಿಗೆ' ಎಂದು ಬರೆದೆ. ಕಳಿಸಿದ ಮೇಲೆ ಓದಿ ನೋಡಿದೆ. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಉತ್ತರ ಬಂತು. 'ಅದೇ ಸೀರೆ, ನೋಡಿದ ಕೂಡಲೇ ಗುರುತು ಹತ್ತಿತು. ಹೊಲಿಗೆ ಸ್ವಲ್ಪ ಸೊಟ್ಟಗಿದೆ. ಕೈ ನಡುಗುತ್ತದೆಯೇ ಆಜಿ? ನಿಮ್ಮ ಆರೋಗ್ಯ ನೋಡಿಕೊಳ್ಳಿ. ಹೆರಿಗೆಯಾದ ಕೂಡಲೇ ಬರೆಯುತ್ತೇನೆ.'

ಅದೇ ಅವಳ ಕೊನೆಯ ಪತ್ರ.

ದಿನ ತುಂಬುವ ಹೊತ್ತು ಬಂತು, ದಾಟಿತು. ಇನ್ನೊಂದು ತಿಂಗಳು ಹೋಯಿತು. ಅತ್ತೆಯಾಗಿ ಎರಡು ಸಲ ಕೇಳಿದೆ. ಕೊನೆಗೆ ನಾನಾಗಿ, ಇದ್ದದ್ದನ್ನು ಇದ್ದಂತೆ ಬರೆದು ಕ್ಷಮೆ ಕೇಳಿದೆ. ಅದಕ್ಕೂ ಉತ್ತರವಿಲ್ಲ.

ಆಮೇಲೆ ವೆಬ್‌ಸೈಟಿನಲ್ಲಿ ಅತ್ತೆ ತೀರಿಕೊಂಡ ಸುದ್ದಿ ಹಾಕಿದೆ. ಯಾವಾಗ ಎಂದು ಬರೆಯಲಿಲ್ಲ. ಎಲ್ಲೆಲ್ಲಿಂದಲೋ ಜನ ದುಃಖಪಟ್ಟು ಬರೆದರು. ಬರೆದವರೇ ಮತ್ತೆ ಕೌದಿಯನ್ನೂ ಕೇಳಿದರು. ಮೂವರ ಕೈಗೂ ಮೊದಲಿಗಿಂತ ಹೆಚ್ಚು ಕೆಲಸ ಬಂತು. ನಾನು ಹೇಳಿದ ಸುಳ್ಳಿನ ಗರಜೇ ಇರಲಿಲ್ಲ. ಬಂದ ಪ್ರತಿಯೊಂದು ಪತ್ರವನ್ನೂ ಕಳಿಸಿದವರ ಹೆಸರು ನೋಡಿ ನೋಡಿ ತೆರೆದೆ. ನಾಗಪುರದವಳದು ಇರಲಿಲ್ಲ.

"ಬಾಣಂತನದಾಗ ಯಾರ ಪತ್ರ ಬರೀತಾರ?" ಎಂದಳು ಕಾಕು. "ಕೂಸು ಬಿಟ್ಟಿರಾಕಿಲ್ಲ." ಹಾಗೆನ್ನುವಾಗ ಅವಳು ನನ್ನ ಕಡೆ ನೋಡಲಿಲ್ಲ.

ಪುಕ್ಕಟೆ ಜಾಗ ಕೊಟ್ಟಿದ್ದವರು ಕೆಲವು ವರ್ಷಗಳ ಮೇಲೆ ಅಂಗಡಿ ಮುಚ್ಚಿದರು, ನಮ್ಮ ಪುಟವೂ ಹೋಯಿತು. ಮೂಢನಂಬಿಕೆ ಎಂದು ನಾನು ಇವತ್ತಿಗೂ ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ. ಆದರೂ ಪ್ರತಿ ವರ್ಷ ಆ ದಿನಗಳು ಬಂದಾಗ ಆ ಕೂಸಿನ ವಯಸ್ಸಿಗೆ ಒಂದು ಸೇರಿಸುತ್ತೇನೆ. ಈಗ ಇಪ್ಪತ್ತು ದಾಟಿದೆ. ಅದು ಹುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ.