ಸಣ್ಣ ಟ್ರ್ಯಾಕ್ಟರಿನ ವಾರ್ಡನ್

ಮೇ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಆರೂವರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಯ ಮುಂದೆ ಹಾಜರಿದ್ದವರು: ನಾನು, ನನ್ನ ತಮ್ಮ ಸಮುವೇಲ, ಅವನ ಹೆಂಡತಿ ಕರುಣಾ, ಕ್ಯಾಂಟರ್ ಲಾರಿಯ ಚಾಲಕ ಮಾಬುಸಾಬ. ಇವರಲ್ಲದೆ, ಹೆಸರು ಕೂಗಿದರೆ ಓಗೊಡದಿದ್ದರೂ ಹಾಜರಿ ಹಾಕಲೇಬೇಕಾದ ಒಂದು ಸಣ್ಣ ಕೆಂಪು ಟ್ರ್ಯಾಕ್ಟರ್. ತಮ್ಮ ತಡವಾಗಿ ಬಂದ. ಅದನ್ನು ಬರೆಯಬಾರದೆಂದು ಅವನು ಕೇಳಿಕೊಂಡಿದ್ದಾನೆ, ಆದ್ದರಿಂದ ಬರೆದಿದ್ದೇನೆ.

ನನ್ನ ಪರಿಚಯ ಬೇಗ ಮುಗಿಯುತ್ತದೆ. ನಾನು ಮಿಶನ್ ಶಾಲೆಯೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಹುಡುಗಿಯರು ಮೇಡಂ ಎನ್ನದೆ ‘ಬಾಯಾರ’ ಎನ್ನುತ್ತಿದ್ದರು. ಈಗ ಓಣಿಯೂ ಹಾಗೆಯೇ ಕರೆಯುತ್ತದೆ. ನಿವೃತ್ತಿಯಾದ ಮೇಲೆ ಗಂಟೆ ಹೊಡೆಯುವುದು ನಿಂತಿತು, ಗಂಟೆಗೆ ಏಳುವುದು ನಿಲ್ಲಲಿಲ್ಲ. ಎದ್ದು ಯಾರನ್ನು ಎಬ್ಬಿಸಲಿ? ಹೀಗಿರುವಾಗ ತಮ್ಮನೂ ನಾನೂ ಕೂಡಿ ಈ ಟ್ರ್ಯಾಕ್ಟರ್ ಕೊಂಡೆವು. ಊರಿನ ಇನ್ನೊಂದು ತುದಿಗೆ, ಗಬ್ಬೂರಿನ ಆಚೆ ಅವನದೊಂದು ಚಿಕ್ಕು ಮತ್ತು ಮಾವಿನ ತೋಟವಿದೆ. ದೊಡ್ಡ ಟ್ರ್ಯಾಕ್ಟರ್ ಗಿಡಗಳ ಸಾಲಿನೊಳಗೆ ಹಿಡಿಸುವುದಿಲ್ಲ. ಇದು ಕೊಂಬೆಯ ಕೆಳಗೆ ತಲೆ ತಗ್ಗಿಸಿ ಹೋಗುತ್ತದೆ. ಆದರೆ ತೋಟದಲ್ಲಿ ಅದನ್ನು ನಿಲ್ಲಿಸಲು ಸೂರಿರಲಿಲ್ಲ. ಕೆಲಸ ಮುಗಿದ ಮೇಲೆ ನನ್ನ ಮನೆಯ ಮಗ್ಗುಲಿಗೆ, ಕಾಂಪೌಂಡ್ ಗೋಡೆಗೂ ಅಡುಗೆಮನೆಗೂ ನಡುವಿನ ಇಕ್ಕಟ್ಟಾದ ಜಾಗಕ್ಕೆ ಬಂದು ಮಲಗುತ್ತಿತ್ತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ಟ್ರ್ಯಾಕ್ಟರಿನಿಂದ ನಾನು ಒಂದು ಸಾಲನ್ನೂ ಉತ್ತಿಲ್ಲ. ನನ್ನ ಕೆಲಸ ಅದನ್ನು ಮಲಗಿಸುವುದು, ಎಬ್ಬಿಸುವುದು, ಊರಿಗೆ ಕಳಿಸುವುದು. ಅದರಲ್ಲಿ ಮಾತ್ರ ನನ್ನ ಸರಿಸಮ ಯಾರಿಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ಸ್ನಾನ. ನಮ್ಮ ಕಡೆಯ ಎರೆಮಣ್ಣು ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಸಿಮೆಂಟು. ಮಣ್ಣು ಪುಡಿ ಮಾಡುವ ರೋಟಾವೇಟರಿನ ಬ್ಲೇಡುಗಳಿಗೆ ಅದು ಮೆತ್ತಿಕೊಂಡು ಒಣಗುವ ಮೊದಲೇ ತೊಳೆಯಬೇಕು. ಎಣ್ಣೆ ಹಾಕಿದ ತಲೆಯನ್ನು ನಾಳೆ ತೊಳೆದರಾಯಿತು ಎಂದು ಮಲಗುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಆಮೇಲೆ ಕೀಲುಗಳಿಗೆ ಗ್ರೀಸು. ಡೀಸೆಲ್ ಟಾಕಿಯನ್ನು ತುಂಬಿಡುವುದು, ಖಾಲಿ ಬಿಟ್ಟರೆ ಒಳಗೆ ನೀರಪಸೆ ಕೂಡುತ್ತದೆ. ಬ್ಯಾಟರಿಯ ತಂತಿ ಬಿಚ್ಚುವುದು. ಹಿಂದೆ ಸಲಕರಣೆ ಎತ್ತುವ ತೋಳುಗಳನ್ನು ನೆಲಕ್ಕೆ ಇಳಿಸುವುದು. ಕೈ ಎತ್ತಿಕೊಂಡು ಯಾರೂ ನಿದ್ದೆ ಮಾಡಬಾರದು. ಇಲಿಗಳ ವಿಷಯ ಹೇಳಹೋದರೆ ಬೇರೆ ಪ್ರಬಂಧವೇ ಆದೀತು. ಕಾಳು ಬಿಟ್ಟು ವೈರು ತಿನ್ನುವ ಬುದ್ಧಿ ಅವಕ್ಕೆ ಎಲ್ಲಿಂದ ಬಂತೋ. ಬಹುಶಃ ಹಾಸ್ಟೆಲಿನ ಊಟದ ಬಗ್ಗೆ ಹುಡುಗಿಯರಿಗೆ ಇದ್ದಂತೆ ಮನೆಯ ಊಟದ ಬಗ್ಗೆ ಇವಕ್ಕೂ ತಕರಾರು ಇರಬೇಕು.

ಇಷ್ಟಾದ ಮೇಲೆ ಸಾಲು. ರೋಟಾವೇಟರ್, ಕಲ್ಟಿವೇಟರ್, ನೇಗಿಲು, ನೆಲ ಸಮ ಮಾಡುವ ಬ್ಲೇಡು, ಔಷಧಿ ಹೊಡೆಯುವ ಟ್ಯಾಂಕು. ಎಲ್ಲವನ್ನೂ ಪ್ರಾರ್ಥನೆಗೆ ನಿಂತ ಹುಡುಗಿಯರ ಹಾಗೆ, ಒಂದರ ಹಿಂದೆ ಒಂದು, ಎತ್ತರದ ಪ್ರಕಾರ ನಿಲ್ಲಿಸಿದ್ದೆ. ಗಿಡ್ಡ ಬ್ಲೇಡು ಮುಂದೆ. ಸಿಂಪಡಿಸುವ ತೋಳು ಮಡಚಿ ಮೇಲಕ್ಕೆತ್ತಿಕೊಂಡ ಟ್ಯಾಂಕು ಎಲ್ಲಕ್ಕಿಂತ ಎತ್ತರ, ಅದು ಗೋಡೆಗೆ ತಾಗಿ ಕೊನೆಗೆ. ನೋಡಲು ಬಹಳ ಚಂದ. ಓಣಿಯವರು ಗೇಟಿನಲ್ಲಿ ನಿಂತು ಹೊಗಳುತ್ತಿದ್ದರು. ತಮ್ಮ ಮಾತ್ರ ಹೊಗಳುತ್ತಿರಲಿಲ್ಲ. ಮಾವಿಗೆ ಹೂ ಬಂದಾಗ ಔಷಧಿ ಟ್ಯಾಂಕು ಪದೇ ಪದೇ ಬೇಕಾಗುತ್ತದೆ. ಅದನ್ನು ತೆಗೆಯಲು ಮುಂದಿನ ನಾಲ್ಕನ್ನೂ ಅಂಗಳಕ್ಕೆ ಎಳೆಯಬೇಕು, ಮತ್ತೆ ಒಳಗೆ ನೂಕಬೇಕು. “ಅಕ್ಕಾ, ಇದೇನ ಟ್ರ್ಯಾಕ್ಟರ್ ಸಾಮಾನೋ, ಗ್ರೂಪ್ ಫೋಟೋನೋ?” ಎಂದು ಬೆನ್ನು ಹಿಡಿದುಕೊಂಡು ಕೇಳುತ್ತಿದ್ದ.

ಎತ್ತುಗಳ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ನಮ್ಮ ಅಜ್ಜನ ಮನೆಯಲ್ಲಿ ಬಾಗಿಲು ದಾಟಿದರೆ ಮೊದಲು ಎತ್ತುಗಳ ಜಾಗ, ಆಮೇಲೆ ನಮ್ಮದು. ಎತ್ತಿಗಾಗಿ ಮನೆ ಕಟ್ಟಿ, ಉಳಿದುದರಲ್ಲಿ ಮನುಷ್ಯರು ಇದ್ದರೆನ್ನಬಹುದು. ನೇಗಿಲು ಗೋಡೆಗೆ, ಕೂರಿಗೆ ಜಂತಿಗೆ. ಬೆಳಗಾದರೆ ಎತ್ತು ತಾನೇ ನಡೆದು ಹೊಲಕ್ಕೆ ಹೋಗುತ್ತಿತ್ತು, ಸಂಜೆ ದಾರಿ ಕೇಳದೆ ಮನೆಗೆ ಬರುತ್ತಿತ್ತು. ಎತ್ತನ್ನು ಇನ್ನೊಂದು ಗಾಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಒಯ್ದವರನ್ನು ಅಜ್ಜ ನೋಡಿದ್ದರೆ ವೈದ್ಯರ ಹತ್ತಿರ ಕರೆದೊಯ್ಯುತ್ತಿದ್ದ, ಎತ್ತನ್ನಲ್ಲ. ಈಗ ನೋಡಿ, ಓಡುವ ಯಂತ್ರವನ್ನು ಹೊರಲು ಇನ್ನೊಂದು ಓಡುವ ಯಂತ್ರ. ಆದರೇನು ಮಾಡುವುದು, ಹುಬ್ಬಳ್ಳಿಯ ನಡುವೆ ಬಸ್ಸು ಆಟೋಗಳ ಗದ್ದಲದಲ್ಲಿ ಈ ಕೂಸನ್ನು ನಡೆಸಿಕೊಂಡು ಹೋಗುವ ಧೈರ್ಯ ನನಗಿಲ್ಲ.

ಆ ಶನಿವಾರ ಕೂಡಿದ್ದು ಎಂದಿನಂತೆ ಅದನ್ನು ಕಳಿಸಿಕೊಡಲು ಅಲ್ಲ. ತಮ್ಮ ತೋಟದಲ್ಲಿ ಶೆಡ್ ಕಟ್ಟಿಸಿದ್ದ.

“ಅಕ್ಕಾ, ಈ ಸಲ ಹೋದ್ರ ಅದು ತಿರುಗಿ ಬರೂದಿಲ್ಲ ನೋಡು,” ಎಂದ.

“ಶೆಡ್ ನಾ ನೋಡತೇನಿ. ಛಲೋ ಇತ್ತಂದ್ರ ಅಲ್ಲೇ ಇರಲಿ. ಇಲ್ಲಂದ್ರ ಇದ ಗಾಡ್ಯಾಗ ಸಂಜೀಕ ಎಲ್ಲಾ ಸಾಮಾನು ಹೊಳ್ಳಿ ಮನಿಗೆ.”

“ಮನಿ ನೋಡಿ ಕೊಡಾಕ ಅದನ್ನೇನ ಲಗ್ನಾ ಮಾಡಿಕೊಡಾಕತ್ತೀಯೇನ?”

“ಲಗ್ನಾ ಆಗಿದ್ರ ವರನ್ನ ನೋಡತಿದ್ನಿ. ನಿನ್ನ ನೋಡಿ ಅಂಗಳದಾಗಿಂದನ ತಿರುಗಿ ಬರತಿದ್ನಿ.”

ಕರುಣಾ ನಗಲಿಲ್ಲ. ಆಕೆ ನನ್ನ ಹಾಸ್ಟೆಲಿನಲ್ಲಿಯೇ ಬೆಳೆದ ಹುಡುಗಿ. ಆಕೆಯನ್ನು ತಮ್ಮನಿಗೆ ತಂದುಕೊಂಡವಳೂ ನಾನೇ. ಮನೆಗೆ ಬಂದು ಇಷ್ಟು ವರ್ಷವಾದರೂ ನನ್ನನ್ನು ಅಕ್ಕ ಎನ್ನಲು ಆಕೆಗೆ ನಾಲಿಗೆ ಏಳುವುದಿಲ್ಲ, ಬಾಯಾರ ಎಂದೇ ಕರೆಯುತ್ತಾಳೆ.

ಓಣಿಯ ತುದಿಯ ದಿಬ್ಬಕ್ಕೆ ಮಾಬುಸಾಬ ಲಾರಿಯ ಹಿಂಭಾಗವನ್ನು ಒತ್ತಿ ನಿಲ್ಲಿಸಿದ. ರೋಟಾವೇಟರ್ ಬಿಟ್ಟು ಉಳಿದ ಸಲಕರಣೆಗಳನ್ನು ಮೊದಲು ಏರಿಸಿ ಬಿಗಿದೆವು. ದಿಬ್ಬದಿಂದ ಲಾರಿಗೆ ಎರಡು ಕಬ್ಬಿಣದ ಹಲಗೆ ಹಾಸಿದ್ದಾಯಿತು. ಟ್ರ್ಯಾಕ್ಟರಿನ ಬೆನ್ನಿಗೆ ರೋಟಾವೇಟರ್ ಇತ್ತು. ನಾನು ಹಿಮ್ಮುಖವಾಗಿ ಏರಿಸಬೇಕೆಂದೆ.

“ಮಾರಿ ಮುಂದ ಮಾಡಿ ಏರಸೂಣ್ರೀ ಬಾಯಾರ. ಹಿಂದ ಹಿಂದ ಹೋದ್ರ ಮಂದಿ ನಗತಾರ್ರಿ,” ಎಂದ ಮಾಬುಸಾಬ.

“ನಗಲಿ. ತೂಕಾ ಎಲ್ಲಾ ಹಿಂದ ಐತಿ. ಮಾರಿ ಮುಂದ ಮಾಡಿದ್ರ ಮುಂದಿನ ಗಾಲಿ ಕುದರಿಗತೆ ಎದ್ದು ನಿಂದರತಾವ.”

“ನೀವ ಎಲ್ಲಾ ಹೇಳಿದ್ರ ನಾ ಯಾಕ್ರಿ ಬಂದೇನಿ?”

“ಹಲಗಿ ಹಿಡೀಲಿಕ್ಕೆ ಅಂತೂ ಅಲ್ಲ. ಹಲಗಿಯಿಂದ ದೂರ ಸರಿ.”

ಕರುಣಾ ಸೆರಗನ್ನು ಸೊಂಟಕ್ಕೆ ಬಿಗಿದು ಏರಿ ಕುಳಿತಳು. ಅತಿ ನಿಧಾನದ ಗೇರಿನಲ್ಲಿ, ಗುಡುಗುಡು ಎನ್ನುತ್ತ, ಟ್ರ್ಯಾಕ್ಟರ್ ಹಿಂದೆ ಹಿಂದೆ ಏರಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಆಕೆ ರೋಟಾವೇಟರನ್ನು ಕೆಳಗಿಳಿಸಿ, ಬ್ರೇಕು ಕಟ್ಟಿ ಇಳಿದಳು. ನಾಲ್ಕು ಮೂಲೆಗೆ ಸರಪಳಿ ಬಿಗಿದದ್ದನ್ನು ನಾನು ಎಳೆದು ನೋಡಿದೆ. ಊರ ಹೊರಗೆ ಲಾರಿ ನಿಲ್ಲಿಸಿ ಇನ್ನೊಮ್ಮೆ ಎಳೆದು ನೋಡಿದೆ. ಮಾಬುಸಾಬ ಬಾಯಲ್ಲಿ ಏನೂ ಅನ್ನಲಿಲ್ಲ, ಹಾರ್ನಿನಲ್ಲಿ ಅಂದ.

ನಿಜ ಹೇಳಬೇಕೆಂದರೆ, ದಾರಿಯುದ್ದಕ್ಕೂ ನಾನು ಶೆಡ್ಡಿನಲ್ಲಿ ಇರಬಹುದಾದ ತಪ್ಪುಗಳನ್ನು ಯೋಚಿಸುತ್ತ ಹೋದೆ. ಬಾಗಿಲು ಪಶ್ಚಿಮಕ್ಕೆ ಇದ್ದರೆ ಸಾಕಾಗಿತ್ತು: ನಮ್ಮ ಮಳೆ ಆ ಕಡೆಯಿಂದಲೇ ಬಡಿಯುತ್ತದೆ. ಎರೆಮಣ್ಣಿನ ಮೇಲೆ ನೇರವಾಗಿ ಫರ್ಸಿ ಕಲ್ಲು ಹಾಸಿಸಿದ್ದರೆ ಇನ್ನೂ ಒಳ್ಳೆಯದು: ಒಂದೇ ಮಳೆಗಾಲಕ್ಕೆ ನೆಲ ಉಬ್ಬಿ ಒಡೆಯುತ್ತದೆ. ಅಂಥ ಒಂದು ತಪ್ಪು ಸಿಕ್ಕರೆ ಸಂಜೆ ಟ್ರ್ಯಾಕ್ಟರಿನೊಂದಿಗೆ ಮನೆಗೆ ಮರಳಬಹುದಿತ್ತು.

ಬಾಗಿಲು ಪೂರ್ವಕ್ಕಿತ್ತು. ನೆಲದ ಕೆಳಗೆ ಮೊಳದಷ್ಟು ಉಬ್ಬದ ಗರಸುಮಣ್ಣು ತುಂಬಿಸಿದ್ದರು. ಗೋಡೆಯ ಬುಡಕ್ಕೆ ಕಾಲುವೆ, ಗಾಳಿಕಿಂಡಿಗೆ ಇಲಿ ನುಸುಳದ ಸಣ್ಣ ಜಾಲರಿ. ನಾನು ತೊಲೆಯ ಮೇಲೆ ಬೆರಳಾಡಿಸಿದೆ, ಬಾಗಿ ಮೂಲೆ ನೋಡಿದೆ. ತಮ್ಮ ಪಕ್ಕದಲ್ಲಿ ಏನೇನೋ ವಿವರಿಸುತ್ತಿದ್ದ. ಕರುಣಾ ಮಾತ್ರ ಕೈ ಇಳಿಬಿಟ್ಟು, ತಪಾಸಣೆಯ ದಿನ ಮಂಚದ ಪಕ್ಕ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು. ಶೆಡ್ಡನ್ನು ನಿಜವಾಗಿ ಕಟ್ಟಿಸಿದವಳು ಯಾರೆಂದು ನನಗೆ ಆಗಲೇ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಇಳಿಸಿ ಒಳಗೆ ತಂದರು. ಆಗ ಸಿಕ್ಕಿತು ತಪ್ಪು. ಕರುಣಾ ಸಲಕರಣೆಗಳನ್ನು ಉದ್ದನೆಯ ಗೋಡೆಗೆ ಒಂದರ ಮಗ್ಗುಲಿಗೆ ಒಂದರಂತೆ, ನಡುವಿನ ಖಾಲಿ ಜಾಗಕ್ಕೆ ಮುಖ ಮಾಡಿ ನಿಲ್ಲಿಸಿದಳು. ಬಾಗಿಲ ಹತ್ತಿರ ಎತ್ತರದ ಟ್ಯಾಂಕು, ಅದರ ಪಕ್ಕ ಗಿಡ್ಡ ಬ್ಲೇಡು, ಆಮೇಲೆ ಮತ್ತೆ ಎತ್ತರದ್ದು. ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

“ಇದೇನ ಸಾಲು? ಎತ್ತರದ ಪ್ರಕಾರ ಯಾಕ ನಿಂದರಿಸಿಲ್ಲ?” ಎಂದು ಕೇಳಿದೆ.

ಕರುಣಾ ಟ್ಯಾಂಕಿನ ಮೇಲೆ ಕೈಯಿಟ್ಟಳು.

“ಬಾಯಾರ, ಹಾಸ್ಟೆಲ್‌ನ್ಯಾಗ ಎಲ್ಲಾರಕಿಂತ ಎತ್ತರ ನಾನ ಇದ್ನಿ. ದಿನಾ ಸಾಲಿನ ಕಡೀಕ ನಿಂದರತಿದ್ನಿ. ಉಪ್ಪಿಟ್ಟು ನನ್ನ ತನಕಾ ಬರೂದ್ರಾಗ ತಣ್ಣಗಾಗಿರತಿತ್ತು. ನಿಮ್ಮ ಮನ್ಯಾಗ ಆ ಟ್ಯಾಂಕ್ ಗ್ವಾಡಿಗೆ ಹತ್ತಿ ನಿಂತಿದ್ದು ನೋಡಿದಾಗೆಲ್ಲಾ ನನಗ ಅದ ನೆನಪಾಗತಿತ್ರಿ.”

“ಆವಾಗ ಬಾಯಿ ಬಿಟ್ಟು ಹೇಳಬೇಕಿಲ್ಲೇನ?”

“ಸಾಲಿನ್ಯಾಗ ನಿಂತಾಗ ಮಾತಾಡಬಾರದು ಅಂದಿದ್ರೆಲ್ರಿ.”

ಮಾಬುಸಾಬ ಹೊರಗೆ ಹೋಗಿ ನಕ್ಕ. ತಮ್ಮ ಅಲ್ಲಿಯೇ ನಕ್ಕ. ನಾನು ಆ ಸಾಲನ್ನು ಮತ್ತೊಮ್ಮೆ ನೋಡಿದೆ. ಯಾವುದರ ಹಿಂದೆಯೂ ಯಾವುದೂ ಇರಲಿಲ್ಲ. ಟ್ರ್ಯಾಕ್ಟರ್ ಹಿಂದೆ ಸರಿದು ಬಂದರೆ ಬೇಕಾದದ್ದನ್ನು ನೇರವಾಗಿ ಬೆನ್ನಿಗೆ ಸಿಕ್ಕಿಸಿಕೊಂಡು ಹೋಗಬಹುದು. ಒಂದಕ್ಕಾಗಿ ನಾಲ್ಕು ಏಳಬೇಕಾಗಿಲ್ಲ. ಚಾದರ ಮಡಚುವುದು, ಗಂಟೆಗೆ ಏಳುವುದು, ಕಸದ ಮೊರ ಎಲ್ಲಿಡಬೇಕೆಂಬುದು, ಇವನ್ನೆಲ್ಲ ನಾನು ಕಲಿಸಿದ್ದೆ. ಇದನ್ನು ನಾನು ಕಲಿಸಿರಲಿಲ್ಲ. ನನ್ನ ಸಾಲಿನ ಕೊನೆಯಲ್ಲಿ ತಣ್ಣನೆಯ ಉಪ್ಪಿಟ್ಟಿಗೆ ಕಾಯುತ್ತ ಆಕೆಯೇ ಕಲಿತಿದ್ದಳು. ಕಲಿಸಿದ್ದನ್ನು ಒಪ್ಪಿಸಿದ ಹುಡುಗಿಯರು ನನಗೆ ಬಹಳ. ಕಲಿಸದಿದ್ದುದನ್ನು ಕಲಿತುಕೊಂಡವಳು ನನ್ನ ಮನೆಯಲ್ಲಿಯೇ ಇದ್ದಳೆಂದು ನನ್ನ ಎದೆ ಉಬ್ಬಿತು. ಹಾಗೆಂದು ಮುಖದಲ್ಲಿ ತೋರಿಸಲಿಲ್ಲ; ನಮ್ಮ ವೃತ್ತಿಯಲ್ಲಿ ಅದು ರೂಢಿಯಿಲ್ಲ.

“ಶೆಡ್ ಪಾಸ್,” ಎಂದೆ. “ಬ್ಯಾಟರಿ ವೈರ್ ಬಿಚ್ಚೂದು ಮರೀಬ್ಯಾಡ.”

“ಬಿಚ್ಚೇನ್ರಿ,” ಎಂದಳು.

“ಹಂಗಾರ ಗಾಡಿ ಖಾಲಿ ಒಯ್ಯೂದೇನ್ರಿ?” ಎಂದು ಮಾಬುಸಾಬ ಕೇಳಿದ.

“ಖಾಲಿ ಹೆಂಗ? ನಾ ಇಲ್ಲೇನು?”

“ನಿಮಗೂ ಸರಪಳಿ ಬಿಗೀಲೇನ್ರಿ ಬಾಯಾರ?”

ಸಂಜೆಗೆ ಮನೆ ಮುಟ್ಟಿದೆ. ಮನೆಯ ಮಗ್ಗುಲಿನ ಜಾಗ ಇದ್ದಕ್ಕಿದ್ದಂತೆ ಅಗಲವಾಗಿ ಕಂಡಿತು. ಚಕ್ರಗಳು ನಿಲ್ಲುತ್ತಿದ್ದ ಹಲಗೆಗಳನ್ನು ಗೋಡೆಗೆ ಒರಗಿಸಿದೆ. ಫರ್ಸಿಯ ಮೇಲೆ ಎಣ್ಣೆಯ ಕಲೆಗಳಿದ್ದವು. ಬೂದಿ ಹಾಕಿ, ಸೋಡಾ ಹಾಕಿ ತಿಕ್ಕತೊಡಗಿದೆ. ಎದುರು ಮನೆಯ ಕಮಲಕ್ಕ ಗೇಟಿಗೆ ಬಂದು ನಿಂತಳು.

“ಬಾಯಾರ, ನಿಮ್ಮ ಟ್ರ್ಯಾಕ್ಟರ್ ಎಲ್ರಿ? ಜಾಗಾ ಎಲ್ಲಾ ಭಣಭಣ ಅನ್ನಾಕತ್ತೈತಿ.”

ಹಾಸ್ಟೆಲ್ ಬಿಟ್ಟುಹೋದ ಹುಡುಗಿಯರನ್ನು ಯಾರಾದರೂ ವಿಚಾರಿಸಿದಾಗ ನಾನು ಸೊಂಟ ನೆಟ್ಟಗೆ ಮಾಡಿ ನಿಂತು ಒಂದೇ ಮಾತು ಹೇಳುತ್ತಿದ್ದೆ. ಈಗಲೂ ಬ್ರಶ್ ಕೆಳಗಿಟ್ಟು ನೆಟ್ಟಗೆ ನಿಂತೆ.

“ಕೆಲಸಕ್ಕ ಹತ್ತೇತಿ,” ಎಂದೆ.

ಆಮೇಲೆ ಕೊನೆಯ ಕಲೆಯನ್ನು ತಿಕ್ಕಿ, ಎರಡು ಬಕೆಟ್ ನೀರು ಸುರಿದು, ಗೇಟು ಹಾಕಿಕೊಂಡು ಒಳಗೆ ಬಂದೆ.